ಮತ್ತೆ ಮತ್ತೆ ಕೆಡುತ್ತಿದ್ದ ಫೈಲು

“ಬುದ್ಧಿ, ಒಂದು ತಪ್ಪನ್ನು ಸರಿಪಡಿಸಿದ ಮೇಲೂ ಅದು ಮತ್ತೆ ಮತ್ತೆ ಏಕೆ ಬರುತ್ತದೆ?” ಎಂದು ಪರ್ವತಯ್ಯ ಗುರುಗಳನ್ನು ಕೇಳಿದ.

ಪರ್ವತಯ್ಯ ಮಠದ ದಾಸೋಹವನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ದಾಸೋಹದಲ್ಲಿ ಕೊನೆಯ ಪಂಕ್ತಿಗೆ ಆಗಾಗ ಅನ್ನ ಸಾಲದೆ ಹೋಗುತ್ತಿತ್ತು. ಹಾಗಾದಾಗಲೆಲ್ಲ ಅವನು ತಾನೇ ಮುಂದೆ ನಿಂತು ಮತ್ತೊಮ್ಮೆ ಅನ್ನ ಮಾಡಿಸುತ್ತಿದ್ದ. ಅಡುಗೆಯವರನ್ನು ಗದರುತ್ತಿದ್ದ. ಕೆಲವು ದಿನ ಎಲ್ಲ ಸರಿಯಿರುತ್ತಿತ್ತು. ಮತ್ತೊಂದು ದಿನ ಕೊನೆಯ ಪಂಕ್ತಿಯವರು ಖಾಲಿ ಎಲೆಯ ಮುಂದೆ ಕಾಯುತ್ತ ಕೂರುತ್ತಿದ್ದರು.

“ಅಕ್ಕಿ ಬದಲಾಯಿಸಿದೆ. ಒಲೆ ಬದಲಾಯಿಸಿದೆ. ಒಬ್ಬ ಅಡುಗೆಯವನನ್ನೂ ಬದಲಾಯಿಸಿದೆ. ನನ್ನ ಪ್ರಯತ್ನದಲ್ಲಿ ಕೊರತೆ ಎಲ್ಲಿದೆ, ಬುದ್ಧಿ?”

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಧರ್ಮಾಸ್ಪತ್ರೆ ಇತ್ತು. ಸುತ್ತಲಿನ ಹಳ್ಳಿಗಳ ಜನ ಅಲ್ಲಿಗೇ ಬರುತ್ತಿದ್ದರು. ಬಂದವರ ವಿವರವನ್ನೆಲ್ಲ ಕಂಪ್ಯೂಟರಿನಲ್ಲಿ ಇಡುತ್ತಿದ್ದರು. ಯಾರಿಗೆ ಯಾವ ಕಾಯಿಲೆ, ಯಾರಿಗೆ ಯಾವ ಔಷಧ ಕೊಟ್ಟಿದೆ, ಯಾರಿಗೆ ಯಾವ ಔಷಧ ಆಗಿಬರುವುದಿಲ್ಲ, ಎಲ್ಲವೂ ಒಂದೇ ಡೇಟಾಬೇಸ್ ಫೈಲಿನಲ್ಲಿತ್ತು. ಆ ಫೈಲು ಸರ್ವರ್ ಎಂಬ ದೊಡ್ಡ ಕಂಪ್ಯೂಟರಿನಲ್ಲಿತ್ತು. ವೈದ್ಯರ ಕೋಣೆ, ಔಷಧದ ಕೋಣೆ, ರಕ್ತಪರೀಕ್ಷೆಯ ಕೋಣೆ, ವಾರ್ಡು, ಎಲ್ಲ ಕಡೆಯಿಂದಲೂ ಜನ ಅದೇ ಫೈಲನ್ನು ತೆರೆದು ನೋಡುತ್ತಿದ್ದರು, ಅದರಲ್ಲೇ ಬರೆಯುತ್ತಿದ್ದರು.

ಅದನ್ನು ನೋಡಿಕೊಳ್ಳುವ ಕೆಲಸ ಜಯತೀರ್ಥ ಎಂಬವನದು. ಕೆಲಸ ಬಲ್ಲವನು. ಸೋಮಾರಿಯಲ್ಲ. ಸರ್ವರ್ ಇದ್ದ ಕೋಣೆಯಲ್ಲಿಯೇ ಅವನ ಮೇಜು. ಯಾರಾದರೂ ಫೋನು ಮಾಡಿದರೆ ಅಲ್ಲಿಂದಲೇ ಉತ್ತರ ಕೊಡುತ್ತಿದ್ದ.

ಒಂದು ಬೆಳಿಗ್ಗೆ, ಹೊರರೋಗಿಗಳ ಸಾಲು ಗೇಟಿನವರೆಗೆ ಬೆಳೆದಿದ್ದಾಗ, ಫೈಲು ಕೆಟ್ಟಿತು. ಯಾವ ಕೋಣೆಯಲ್ಲಿಯೂ ತೆರೆಯಲಿಲ್ಲ. ವೈದ್ಯರು ಕೈಕಟ್ಟಿ ಕುಳಿತರು. ಸಾಲಿನಲ್ಲಿದ್ದವರು ಗೊಣಗಿದರು. ಫೈಲನ್ನು ದುರಸ್ತಿ ಮಾಡುವ ಒಂದು ಪ್ರೋಗ್ರಾಂ ಜಯತೀರ್ಥನ ಬಳಿ ಇತ್ತು. ಅದನ್ನು ಓಡಿಸಿದ. ಸ್ವಲ್ಪ ಹೊತ್ತಿನಲ್ಲಿ ಫೈಲು ತೆರೆಯಿತು. ಹಿರಿಯ ವೈದ್ಯರು ತಾವೇ ಎದ್ದು ಬಂದು ಅವನ ಬೆನ್ನು ತಟ್ಟಿದರು.

ಕೆಲವು ದಿನ ಕಳೆದು ಫೈಲು ಮತ್ತೆ ಕೆಟ್ಟಿತು. ಅವನು ಮತ್ತೆ ದುರಸ್ತಿ ಮಾಡಿದ. ಮತ್ತೆ ಕೆಟ್ಟಿತು.

ಜಯತೀರ್ಥ ಕಾರಣ ಹುಡುಕದೆ ಇರಲಿಲ್ಲ. ಸರ್ವರಿನ ಡಿಸ್ಕು ಹಳೆಯದಾಗಿರಬೇಕೆಂದು ಹೊಸದನ್ನು ಹಾಕಿಸಿದ. ಫೈಲು ಕೆಟ್ಟಿತು. ವೈರಸ್ ಹಿಡಿಯುವ ಪ್ರೋಗ್ರಾಂ ಆ ಫೈಲಿಗೆ ಅಡ್ಡ ಬರುತ್ತಿರಬಹುದೆಂದು, ಅದನ್ನು ಮುಟ್ಟದ ಹಾಗೆ ಮಾಡಿದ. ಫೈಲು ಕೆಟ್ಟಿತು. ಕರೆಂಟು ಹೋದರೂ ಸರ್ವರ್ ನಿಲ್ಲದಂತೆ ದೊಡ್ಡ ಬ್ಯಾಟರಿ ತರಿಸಿದ. ಕೊನೆಗೆ ಸರ್ವರನ್ನೇ ಬದಲಾಯಿಸಿದ. ಹೊಸ ಸರ್ವರಿನ ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ತೆಗೆದಿರಲಿಲ್ಲ, ಫೈಲು ಕೆಟ್ಟಿತು.

ಕೋಣೆ ಕೋಣೆಗೂ ಹೋಗಿ ಪರೀಕ್ಷಿಸಿದ. ಹೋಗುವ ಮೊದಲು, ನಾಳೆ ಎಲ್ಲರ ಕಂಪ್ಯೂಟರನ್ನೂ ತಪಾಸಣೆ ಮಾಡಲಾಗುವುದು ಎಂದು ತಿಳಿಸುತ್ತಿದ್ದ. ಹೋದಾಗ ಎಲ್ಲ ಕೋಣೆಯಲ್ಲಿಯೂ ಎಲ್ಲವೂ ಸರಿಯಾಗಿರುತ್ತಿತ್ತು. ಕಂಪ್ಯೂಟರು ತನ್ನ ಜಾಗದಲ್ಲಿ, ವೈರು ತನ್ನ ಜಾಗದಲ್ಲಿ. ನಿಮ್ಮಲ್ಲಿ ಏನಾದರೂ ತೊಂದರೆ ಉಂಟೇ ಎಂದು ಕೇಳುತ್ತಿದ್ದ. ಇಲ್ಲ ಸಾರ್ ಎನ್ನುತ್ತಿದ್ದರು.

ಪ್ರತಿ ಸಂಜೆ ಅವನು ಫೈಲಿನ ಒಂದು ನಕಲು ತೆಗೆದಿಡುತ್ತಿದ್ದ. ಫೈಲು ಕೆಟ್ಟಾಗ ಹಿಂದಿನ ಸಂಜೆಯ ನಕಲನ್ನು ಹಾಕಬಹುದಿತ್ತು. ಆದರೆ ಹಾಗೆ ಮಾಡಿದರೆ ಆ ದಿನ ಬರೆದದ್ದೆಲ್ಲ ಹೋಗುತ್ತಿತ್ತು. ವೈದ್ಯರು ಅದಕ್ಕೆ ಒಪ್ಪಲಿಲ್ಲ. “ದುರಸ್ತಿ ಮಾಡಿದರೆ ತೆರೆಯುತ್ತದಲ್ಲ, ಅದನ್ನೇ ಮಾಡಿ” ಎಂದರು. ಅವನು ಅದನ್ನೇ ಮಾಡಿದ. ಬರಬರುತ್ತ ಅದು ಕೈಗೆ ಅಭ್ಯಾಸವಾಯಿತು. ಫೋನು ಬರುತ್ತಿತ್ತು, ಪ್ರೋಗ್ರಾಂ ಓಡಿಸುತ್ತಿದ್ದ, ಫೈಲು ತೆರೆಯುತ್ತಿತ್ತು.

ಆ ಪ್ರೋಗ್ರಾಂ ಕೆಲಸ ಮುಗಿದಾಗ ಒಂದು ಸಾಲು ತೋರಿಸುತ್ತಿತ್ತು. ಕೆಲವು ದಾಖಲೆಗಳನ್ನು ಓದಲಾಗಲಿಲ್ಲ, ಅವುಗಳನ್ನು ತೆಗೆದುಹಾಕಲಾಗಿದೆ ಎಂದು. ಮೊದಲ ಸಲ ಜಯತೀರ್ಥ ಆ ಸಾಲನ್ನು ಓದಿದ. ಆಚೆ ಜನ ಕಾಯುತ್ತಿದ್ದರು. ಸರಿ ಎಂದು ಒತ್ತಿದ. ಆಮೇಲೆ ಓದುವುದನ್ನೂ ಬಿಟ್ಟ.

“ಆದರೂ ಅವನು ಒಳ್ಳೆಯ ಕೆಲಸಗಾರನೇ ಅಲ್ಲವೇ, ಬುದ್ಧಿ?” ಎಂದು ಪರ್ವತಯ್ಯ ನಡುವೆ ಬಾಯಿ ಹಾಕಿದ.

“ಒಳ್ಳೆಯ ಕೆಲಸಗಾರನೇ. ಕೇಳು” ಎಂದು ಗುರುಗಳು ಮುಂದುವರಿಸಿದರು.

ಆ ಊರಿನ ಸಂತೆಯಲ್ಲಿ ದೊಡ್ಡತಾಯಮ್ಮ ಎಂಬ ಮುದುಕಿ ಸೊಪ್ಪು ಮಾರುತ್ತಿದ್ದಳು. ಒಮ್ಮೆ ಅವಳ ಕಾಲಿಗೆ ಗಾಜು ಚುಚ್ಚಿ ಕೀವಾಯಿತು. ಆಸ್ಪತ್ರೆಗೆ ಬಂದಳು. ಸೂಜಿ ಹಾಕುವ ಮೊದಲು ದಾದಿ ಅವಳನ್ನು ಕೇಳಿದಳು.

“ಅಜ್ಜಿ, ನಿಮಗೆ ಯಾವುದಾದರೂ ಔಷಧ ಆಗಿಬರುವುದಿಲ್ಲವೇ?”

“ಹೌದು ತಾಯಿ, ಒಂದು ಸೂಜಿ ಆಗೋದಿಲ್ಲ. ಹಿಂದೆ ಒಂದು ಸಲ ಉಸಿರು ಕಟ್ಟಿಬಿಟ್ಟಿತ್ತು. ಹೆಸರು ನನಗೆ ಬಾಯಿಗೆ ಬರಾಕಿಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿ ಬರ್ಕೊಂಡವ್ರೆ, ನೋಡವ್ವ.”

ದಾದಿ ನೋಡಿದಳು. ದೊಡ್ಡತಾಯಮ್ಮನ ಹೆಸರಿತ್ತು, ಊರಿತ್ತು. ಆಗಿಬರದ ಔಷಧ ಎಂಬಲ್ಲಿ ಏನೂ ಇರಲಿಲ್ಲ. ಮುದುಕಿಗೆ ನೆನಪಿನ ದೋಷವಿರಬೇಕು, ಬೇರೆ ಯಾವುದೋ ಆಸ್ಪತ್ರೆಯ ಮಾತಿರಬೇಕು ಎಂದುಕೊಂಡಳು. ವೈದ್ಯರು ಬರೆದಿದ್ದ ಸೂಜಿಯನ್ನು ಹಾಕಿದಳು.

ದೊಡ್ಡತಾಯಮ್ಮನ ಮುಖ ಊದಿಕೊಂಡಿತು. ಉಸಿರು ಸಿಕ್ಕಿಹಾಕಿಕೊಂಡಿತು. ವೈದ್ಯರು ಓಡಿ ಬಂದರು. ಬಹಳ ಕಷ್ಟಪಟ್ಟು ಅವಳ ಪ್ರಾಣ ಉಳಿಸಿದರು. ಅವಳು ಕಣ್ಣು ತೆರೆಯಲು ಮರುದಿನವಾಯಿತು.

ಹಿರಿಯ ವೈದ್ಯರು ದಾದಿಯನ್ನು ಕರೆಸಿದರು. ಅವಳು ಅಳುತ್ತ, ನೋಡಿಯೇ ಹಾಕಿದೆ, ಅಲ್ಲಿ ಏನೂ ಬರೆದಿರಲಿಲ್ಲ ಎಂದಳು. ಯಾರೂ ನಂಬಲಿಲ್ಲ. ಅವಳನ್ನು ಕೆಲಸದಿಂದ ತೆಗೆಯುವ ಮಾತು ಬಂತು.

ಆ ಮಾತು ಜಯತೀರ್ಥನ ಕಿವಿಗೆ ಬಿತ್ತು. ಅವನು ತನ್ನ ಕೋಣೆಗೆ ಹೋಗಿ ತೆಗೆದಿಟ್ಟಿದ್ದ ಹಳೆಯ ನಕಲುಗಳನ್ನು ಒಂದೊಂದಾಗಿ ತೆರೆದ. ಹಳೆಯದರಲ್ಲಿ ದೊಡ್ಡತಾಯಮ್ಮನಿಗೆ ಆಗಿಬರದ ಔಷಧದ ಹೆಸರಿತ್ತು. ಒಂದು ದುರಸ್ತಿಯ ಹಿಂದಿನ ಸಂಜೆಯವರೆಗೂ ಇತ್ತು. ದುರಸ್ತಿಯಾದ ಸಂಜೆ ಇರಲಿಲ್ಲ. ಅದನ್ನು ಯಾವ ವೈದ್ಯರೂ ಅಳಿಸಿರಲಿಲ್ಲ. ಯಾವ ದಾದಿಯೂ ಅಳಿಸಿರಲಿಲ್ಲ. ಬೆನ್ನು ತಟ್ಟಿಸಿಕೊಂಡವನ ಕೈಯೇ ಅಳಿಸಿತ್ತು.

ಜಯತೀರ್ಥ ತೆರೆದದ್ದನ್ನೆಲ್ಲ ಮುಚ್ಚಿದ. ಸುಮ್ಮನಿದ್ದುಬಿಡಬಹುದಿತ್ತು. ಆ ನಕಲುಗಳನ್ನು ಅವನ ಹೊರತು ಯಾರೂ ತೆರೆಯುವವರಿರಲಿಲ್ಲ. ಆದರೆ ಅವನಿಗೆ ಸುಮ್ಮನಿರಲು ಆಗಲಿಲ್ಲ. ಎದ್ದು ಹಿರಿಯ ವೈದ್ಯರ ಬಳಿಗೆ ಹೋದ.

“ದಾದಿಯ ತಪ್ಪಿಲ್ಲ. ಆ ವಿವರ ನನ್ನ ದುರಸ್ತಿಯಲ್ಲಿ ಹೋಯಿತು. ಇನ್ನು ಎಷ್ಟು ಜನರದು ಹಾಗೆ ಹೋಗಿದೆಯೋ ನನಗೆ ತಿಳಿಯದು.”

“ಫೈಲು ಮತ್ತೆ ಕೆಟ್ಟರೆ?” ಎಂದು ಹಿರಿಯ ವೈದ್ಯರು ಕೇಳಿದರು.

“ಆ ದುರಸ್ತಿಯನ್ನು ಮಾಡುವುದಿಲ್ಲ. ಏಕೆ ಕೆಟ್ಟಿತೆಂದು ತಿಳಿಯುವವರೆಗೆ ಆಸ್ಪತ್ರೆ ಕಾಗದದ ಮೇಲೆ ನಡೆಯಲಿ.”

“ಜನ ಬೈಯುತ್ತಾರೆ.”

“ನನ್ನನ್ನು ಬೈಯಲಿ.”

ದಾದಿಯನ್ನು ಕೆಲಸದಲ್ಲಿ ಉಳಿಸಿಕೊಂಡರು. ಜಯತೀರ್ಥನಿಗೆ ಒಂದು ಎಚ್ಚರಿಕೆಯ ಪತ್ರ ಕೊಟ್ಟರು. ಅವನು ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ನೇರವಾಗಿ ಹೆಂಗಸರ ವಾರ್ಡಿಗೆ ಹೋದ. ಅಷ್ಟು ವರ್ಷ ಆ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದರೂ ಕಂಪ್ಯೂಟರಿನ ಕೆಲಸವಿಲ್ಲದೆ ಅವನು ವಾರ್ಡಿನೊಳಗೆ ಕಾಲಿಟ್ಟದ್ದು ಅದೇ ಮೊದಲು.

ದೊಡ್ಡತಾಯಮ್ಮ ಬಾಗಿಲ ಬಳಿಯ ಹಾಸಿಗೆಯಲ್ಲಿ ಮಲಗಿದ್ದಳು. ಮುಖದ ಊತ ಇನ್ನೂ ಇಳಿದಿರಲಿಲ್ಲ.

“ಅಮ್ಮಾ, ನಿಮ್ಮ ವಿವರ ಅಳಿಸಿಹೋದದ್ದು ನನ್ನಿಂದ” ಎಂದು ಜಯತೀರ್ಥ ಹೇಳಿದ.

ಮುದುಕಿ ಅವನನ್ನು ನೋಡಿದಳು. “ಗೊತ್ತಿದ್ದೂ ಅಳಿಸಿದೆಯಾ ಮಗ?”

“ಏನೋ ಒಂದಿಷ್ಟು ಹೋಗುತ್ತದೆ ಎಂದು ಗೊತ್ತಿತ್ತು. ಏನು ಹೋಯಿತೆಂದು ನೋಡಲಿಲ್ಲ.”

ಅವಳು ಹಾಸಿಗೆಯ ಪಕ್ಕದ ಸ್ಟೂಲಿನ ಕಡೆ ಕೈ ತೋರಿಸಿದಳು. “ನಿಂತೇ ಇದ್ದೀಯಲ್ಲ, ಕೂತ್ಕೋ” ಎಂದಳು.

ಜಯತೀರ್ಥ ಸ್ಟೂಲಿನ ಮೇಲೆ ಕುಳಿತ. ಮುದುಕಿ ಕಣ್ಣು ಮುಚ್ಚಿದಳು. ಅವಳಿಗೆ ನಿದ್ದೆ ಬಂತು. ಹೇಳದೆ ಎದ್ದು ಹೋಗಲು ಅವನಿಗೆ ಮನಸ್ಸು ಬರಲಿಲ್ಲ. ಅವಳು ಏಳುವವರೆಗೆ ಇರೋಣವೆಂದು ಕುಳಿತೇ ಇದ್ದ.

ವಾರ್ಡಿನ ಬಾಗಿಲಿಗೆ ಎದುರಾಗಿ, ಓಣಿಯ ಆಚೆಗೆ, ಔಷಧದ ಕೋಣೆಯ ಬಾಗಿಲಿತ್ತು. ಅದು ತೆರೆದಿತ್ತು. ಒಳಗೆ ವಾರಿಜಾ ಎಂಬಾಕೆ ಔಷಧ ಕೊಡುತ್ತಿದ್ದಳು. ಆ ಕೋಣೆಯಲ್ಲಿ ಕಂಪ್ಯೂಟರಿನ ಜಾಗ ಒಳಗಿನ ಗೋಡೆಯ ಪಕ್ಕ ಎಂದು ಜಯತೀರ್ಥನಿಗೆ ತಿಳಿದಿತ್ತು. ಪ್ರತಿ ತಪಾಸಣೆಯಲ್ಲಿಯೂ ಅದನ್ನು ಅಲ್ಲಿಯೇ ನೋಡಿದ್ದ. ಈಗ ಅದು ಅಲ್ಲಿರಲಿಲ್ಲ. ಮೇಜೂ ಕಂಪ್ಯೂಟರೂ ರೋಗಿಗಳು ನಿಲ್ಲುವ ಕಿಟಕಿಯ ಪಕ್ಕಕ್ಕೆ ಬಂದಿದ್ದವು. ಸರ್ವರಿಗೆ ಸಂಪರ್ಕ ಕೊಡುವ ವೈರು ಗೋಡೆಯಿಂದ ಹೊರಟು ಬಿಗಿಯಾಗಿ ನೆಲದ ಮೇಲೆ ಹಾದು, ಬಾಗಿಲ ಬಳಿ ಒಂದು ಕಾಲೊರಸಿನ ಕೆಳಗೆ ನುಸುಳಿ, ಮೇಜಿಗೆ ಏರಿತ್ತು.

ವಾರ್ಡಿಗೆ ಔಷಧ ಒಯ್ಯುವ ತಳ್ಳುಗಾಡಿ ಆ ಬಾಗಿಲಿನಿಂದ ಹೊರಗೆ ಬಂತು. ಅದರ ಗಾಲಿ ಕಾಲೊರಸಿನ ಮೇಲೆ ಹತ್ತಿ ಇಳಿಯಿತು. ಗೋಡೆಯಲ್ಲಿ ಸಿಕ್ಕಿಸಿದ್ದ ವೈರಿನ ತುದಿ ಒಮ್ಮೆ ಅಲುಗಿತು. ವಾರಿಜಾಳ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಅವಳು ಪರದೆಯನ್ನು ನೋಡಿದಳು. ಕಾದಳು. ಪರದೆ ಕದಲಲಿಲ್ಲ. ಕಿಟಕಿಯಾಚೆ ಜನ ಕೈಚಾಚಿ ನಿಂತಿದ್ದರು. ಅವಳು ಒಮ್ಮೆ ಆಚೆ ಈಚೆ ನೋಡಿ, ಕೈ ಇಳಿಬಿಟ್ಟು, ಗೋಡೆಯಲ್ಲಿದ್ದ ಕಂಪ್ಯೂಟರಿನ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿದಳು.

ಫೈಲಿನಲ್ಲಿ ಬರೆಯುತ್ತಿರುವ ಕಂಪ್ಯೂಟರಿಗೂ ಸರ್ವರಿಗೂ ನಡುವೆ ಸಂಪರ್ಕ ತಪ್ಪಿದರೆ ಬರಹ ಅರ್ಧಕ್ಕೇ ನಿಲ್ಲುತ್ತದೆ. ಆಗಲೇ ಕಂಪ್ಯೂಟರನ್ನೂ ಆರಿಸಿದರೆ ಉಳಿದ ಅರ್ಧ ಎಂದೂ ಬಂದು ಸೇರುವುದಿಲ್ಲ. ಅರ್ಧ ಬರೆದ ಸಾಲು ಅದರ ಪಕ್ಕದ ಸಾಲುಗಳನ್ನೂ ಕೆಡಿಸುತ್ತದೆ. ಜಯತೀರ್ಥನಿಗೆ ಎಲ್ಲವೂ ಒಂದೇ ಸಲಕ್ಕೆ ಅರ್ಥವಾಯಿತು. ಕಳ್ಳ ಸಿಕ್ಕಿದ ಎಂದು ಅವನ ಎದೆ ಹಿಗ್ಗಿತು. ಮರುಕ್ಷಣ ಮೈಯೆಲ್ಲ ಉರಿಯಿತು. ಡಿಸ್ಕು, ಬ್ಯಾಟರಿ, ಸರ್ವರ್, ಏನೆಲ್ಲ ಬದಲಾಯಿಸಿದ್ದ. ಈ ಒಂದು ಸ್ವಿಚ್ಚಿಗಾಗಿ!

ಅವನು ಎದ್ದು ಔಷಧದ ಕೋಣೆಯ ಬಾಗಿಲಿಗೆ ಹೋದ. ವಾರಿಜಾ ತಲೆಯೆತ್ತಿ ಅವನನ್ನು ಕಂಡಳು. ಕುರ್ಚಿಯಿಂದ ಎದ್ದು ನಿಂತಳು. ಸ್ವಿಚ್ಚು ಕಾಣದಂತೆ ಗೋಡೆಗೆ ಬೆನ್ನು ಕೊಟ್ಟಳು.

ಆ ಹೆದರಿಕೆಯನ್ನು ನೋಡಿ ಜಯತೀರ್ಥ ಆಡಬೇಕೆಂದಿದ್ದ ಮಾತನ್ನು ಆಡಲಿಲ್ಲ. ಹಿಂದೆ ಹಾಸಿಗೆಯಲ್ಲಿ ಮುದುಕಿ ಮಲಗಿದ್ದಳು. ತಾನು ಅವಳ ಮುಂದೆ ನಿಂತಾಗ ಅವಳು ತನಗೆ ಕೂತ್ಕೋ ಎಂದಿದ್ದಳು.

“ಪರದೆ ನಿಲ್ಲುತ್ತದೆ ಎಂದು ನನಗೇಕೆ ಹೇಳಲಿಲ್ಲ, ಅಮ್ಮ?” ಎಂದು ಮೆಲ್ಲನೆ ಕೇಳಿದ.

“ಹೇಳಿದ್ದೆ, ಸಾರ್.”

“ಯಾವಾಗ?”

“ಮೊದಲನೆಯ ಸಲ ನಿಂತಾಗಲೇ ಫೋನು ಮಾಡಿದ್ದೆ. ನೀವು ಬಂದಿರಿ. ಸಾಲಿನಲ್ಲಿ ಜನ ನಿಂತಿದ್ದರು. ಮೇಜನ್ನು ಯಾರು ಸರಿಸಲು ಹೇಳಿದರು, ಇದೇನು ನಿಮ್ಮ ಮನೆಯ ಸಾಮಾನೇ ಎಂದಿರಿ. ಆಮೇಲೆ ನಾನು ಹೇಳಲಿಲ್ಲ.”

ಜಯತೀರ್ಥನಿಗೆ ಅದು ನೆನಪಿರಲಿಲ್ಲ. ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಅವಸರದಲ್ಲಿ ಒಂದು ಮಾತು ಆಡಿ ಹೋಗಿದ್ದ. ಆ ಮಾತಿಗೆ ಹೆದರಿ ಅವಳು ಅಂದಿನಿಂದ ತಪಾಸಣೆಯ ದಿನ ಬೆಳಿಗ್ಗೆ ಮೇಜನ್ನು ಒಳಗಿನ ಗೋಡೆಗೆ ತಳ್ಳಿಸುತ್ತಿದ್ದಳು. ಅವನು ಹೋದ ಮೇಲೆ ಮತ್ತೆ ಕಿಟಕಿಗೆ ಎಳೆಸುತ್ತಿದ್ದಳು.

ವಾರಿಜಾ ಓಣಿಯಾಚೆಯ ಹಾಸಿಗೆಯನ್ನು ನೋಡಿದಳು. ಅವಳ ದನಿ ಕುಗ್ಗಿತು.

“ಆ ಅಜ್ಜಿಗೆ ಹಾಗಾದದ್ದು ನನ್ನಿಂದಲೇ?”

“ನಮ್ಮಿಬ್ಬರಿಂದ” ಎಂದ ಜಯತೀರ್ಥ. “ಹೆಚ್ಚಿನದು ನನ್ನದು.”

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕಿಟಕಿಯಾಚೆಯ ಜನರಿಗೆ ಏನೂ ಅರ್ಥವಾಗಲಿಲ್ಲ. ಅಷ್ಟು ಹೊತ್ತಿಗೆ ಬೇರೆ ಕೋಣೆಗಳಿಂದ ಜಯತೀರ್ಥನನ್ನು ಹುಡುಕಿಕೊಂಡು ಜನ ಬಂದರು. ಫೈಲು ತೆರೆಯುತ್ತಿಲ್ಲ ಎಂದರು. ತಿಳಿದಿದೆ, ಇವತ್ತು ಕಾಗದದಲ್ಲಿ ಬರೆಯಿರಿ ಎಂದು ಅವನು ಎಲ್ಲರಿಗೂ ಹೇಳಿ ಕಳುಹಿಸಿದ.

ಆಮೇಲೆ ವಾರಿಜಾಳನ್ನು ಕೇಳಿದ, ಮೇಜನ್ನು ಏಕೆ ಸರಿಸಬೇಕಾಯಿತು ಎಂದು. ಅಷ್ಟು ದಿನದಲ್ಲಿ ಅವನು ಅದನ್ನು ಕೇಳಿದ್ದು ಅದೇ ಮೊದಲು. ಅವಳು ಹೇಳಿದಳು. ಒಳಗಿನ ಗೋಡೆಯ ಬಳಿ ಕುಳಿತರೆ ರೋಗಿಗಳು ಹೇಳುವ ಹೆಸರು ಸರಿಯಾಗಿ ಕೇಳಿಸುವುದಿಲ್ಲ. ಮುದುಕರಿಗೆ ಕೂಗಿ ಹೇಳಲು ಶಕ್ತಿಯಿಲ್ಲ. ಒಮ್ಮೆ ನಂಜಮ್ಮನ ಮಾತ್ರೆಯನ್ನು ನಿಂಗಮ್ಮನಿಗೆ ಕೊಟ್ಟಿದ್ದಳು. ಆಕೆ ಗೇಟು ದಾಟುವಷ್ಟರಲ್ಲಿ ಓಡಿ ಹೋಗಿ ವಾಪಸು ತಂದಿದ್ದಳು. ಆ ಮಧ್ಯಾಹ್ನವೇ ಮೇಜನ್ನು ಕಿಟಕಿಗೆ ಎಳೆಸಿದ್ದಳು.

ಜಯತೀರ್ಥ ಒಳಗಿನ ಗೋಡೆಯ ಬಳಿ ಹೋಗಿ ನಿಂತ. ಕಿಟಕಿಯಲ್ಲಿದ್ದ ಮುದುಕನನ್ನು ಹೆಸರು ಕೇಳಿದ. ಮುದುಕ ಹೇಳಿದ. ಕೇಳಿಸಲಿಲ್ಲ. ಮತ್ತೆ ಕೇಳಿದ. ಮತ್ತೆಯೂ ಕೇಳಿಸಲಿಲ್ಲ.

“ಮೇಜು ಕಿಟಕಿಯ ಹತ್ತಿರವೇ ಇರಲಿ. ವೈರನ್ನು ನಾನು ಸರಿಸುತ್ತೇನೆ” ಎಂದ.

ಆ ದಿನ ಅವನು ಹಿಂದಿನ ಸಂಜೆಯ ನಕಲನ್ನು ಹಾಕಿದ. ಆ ದಿನದ ಬರಹವನ್ನು ಎಲ್ಲರೂ ಚೀಟಿ, ಕಾಗದ ನೋಡಿ, ರೋಗಿಗಳನ್ನು ಕೇಳಿ ಮತ್ತೆ ಬರೆದರು. ಕೆಲವರು ಗೊಣಗಿದರು. ವೈರನ್ನು ಚಾವಣಿಯ ಅಂಚಿನಲ್ಲಿ ಎಳೆಸಿ ಕಿಟಕಿಯ ಪಕ್ಕಕ್ಕೆ ಇಳಿಸಿದ. ಕಾಲೊರಸು ಕೇವಲ ಕಾಲೊರಸಾಯಿತು.

ಆದರೆ ಅವನು ಅಷ್ಟಕ್ಕೆ ನಿಲ್ಲಲಿಲ್ಲ. ಮುಂದಿನ ದಿನಗಳಲ್ಲಿ ಒಂದೊಂದೇ ಕೋಣೆಗೆ ಹೋದ. ಹೋಗುತ್ತೇನೆಂದು ಮೊದಲೇ ಹೇಳಿ ಕಳುಹಿಸಲಿಲ್ಲ. ಹೋದವನು ಕಂಪ್ಯೂಟರನ್ನು ಮುಟ್ಟಲೂ ಇಲ್ಲ. ತನ್ನಿಂದ ಏನಾಯಿತೆಂದು ಮೊದಲು ಹೇಳುತ್ತಿದ್ದ. ದೊಡ್ಡತಾಯಮ್ಮನ ವಿಷಯ ಹೇಳುತ್ತಿದ್ದ. ಆಮೇಲೆ ಸುಮ್ಮನೆ ಕುಳಿತಿರುತ್ತಿದ್ದ. ಮೊದಮೊದಲು ಯಾರೂ ಬಾಯಿಬಿಡಲಿಲ್ಲ. ರಕ್ತಪರೀಕ್ಷೆಯ ಕೋಣೆಯವನು ಮೊದಲು ಹೇಳಿದ. ಮಿಕ್ಸರಿನಂಥ ಒಂದು ಯಂತ್ರ ತಿರುಗುವಾಗ ತನ್ನ ಪರದೆಯೂ ನಿಲ್ಲುತ್ತದೆ, ತಾನೂ ಸ್ವಿಚ್ ಆರಿಸುತ್ತೇನೆ ಎಂದ. ಎಕ್ಸ್‌ರೇ ಕೋಣೆಯವಳೂ ಹಾಗೆಯೇ ಮಾಡುತ್ತಿದ್ದಳು. ಒಬ್ಬ ವೈದ್ಯರೂ ಮಾಡುತ್ತಿದ್ದರು. ಫೈಲು ಕೆಡುತ್ತಿರುವುದು ತಮ್ಮೊಬ್ಬರಿಂದಲೇ ಎಂದು ಪ್ರತಿಯೊಬ್ಬರೂ ಒಳಗೊಳಗೇ ತಿಳಿದಿದ್ದರು. ಪ್ರತಿಯೊಬ್ಬರೂ ಅದನ್ನು ಉಳಿದವರಿಂದ ಮುಚ್ಚಿಟ್ಟಿದ್ದರು. ಜಯತೀರ್ಥ ಆ ಕೋಣೆಗಳ ವೈರನ್ನೂ ಸರಿಪಡಿಸಿ, ಪರದೆ ನಿಂತರೆ ಸ್ವಿಚ್ ಮುಟ್ಟದೆ ನನಗೆ ಹೇಳಿ ಎಂದ.

ಸಂಗತಿ ಹಿರಿಯ ವೈದ್ಯರಿಗೆ ತಿಳಿಯಿತು. ಅವರು ವಾರಿಜಾಳನ್ನು ಬೇರೆ ಕೆಲಸಕ್ಕೆ ಹಾಕಬೇಕೆಂದರು.

“ಹಾಕಬಹುದು” ಎಂದ ಜಯತೀರ್ಥ. “ಆದರೆ ಆ ಕುರ್ಚಿಗೆ ಬರುವವರು ಇವಳಿಗಿಂತ ಚೆನ್ನಾಗಿ ಮುಚ್ಚಿಡುವುದನ್ನು ಕಲಿತಿರುತ್ತಾರೆ.”

ಹಿರಿಯ ವೈದ್ಯರು ವಾರಿಜಾಳನ್ನು ಆ ಕೆಲಸದಲ್ಲಿಯೇ ಮುಂದುವರಿಸಿದರು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಹಳೆಯ ನಕಲುಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು, ದುರಸ್ತಿಯಲ್ಲಿ ಕಳೆದುಹೋದ ವಿವರಗಳನ್ನು ಜಯತೀರ್ಥ ಹುಡುಕಿ ತೆಗೆದ. ಬಹಳ ದಿನ ಹಿಡಿಯಿತು. ಸಿಕ್ಕವನ್ನು ಮತ್ತೆ ಸೇರಿಸಿದ. ಅರ್ಧ ವಿವರ ಮಾತ್ರ ಸಿಕ್ಕವರನ್ನು ದಾದಿಯರು ಕರೆಸಿ ಕೇಳಿದರು. ಕೆಲವರು ಬಂದರು. ಕೆಲವರು ಬರಲಿಲ್ಲ. ಅವರ ಹೆಸರಿನ ಮುಂದೆ, ವಿವರ ಕಳೆದಿದೆ, ಕೇಳದೆ ಔಷಧ ಕೊಡಬೇಡಿ ಎಂದು ಅವನೇ ಬರೆದ. ದುರಸ್ತಿಯಿಂದ ಏನು ಹೋಯಿತೆಂಬುದನ್ನು ಆ ಆಸ್ಪತ್ರೆಯಲ್ಲಿ ಬಹಿರಂಗವಾಗಿ ಬರೆದದ್ದು ಅದೇ ಮೊದಲು.

ದೊಡ್ಡತಾಯಮ್ಮ ಗುಣವಾಗಿ ಮನೆಗೆ ಹೋದಳು. ಮೊದಲಿನ ಶಕ್ತಿ ಬರಲಿಲ್ಲ. ಸಂತೆಗೆ ಸೊಪ್ಪಿನ ಗಂಟನ್ನು ಅವಳ ಸೊಸೆ ಹೊರುತ್ತಿದ್ದಳು. ಮುದುಕಿ ಪಕ್ಕದಲ್ಲಿ ಕುಳಿತು ವ್ಯಾಪಾರ ಮಾಡುತ್ತಿದ್ದಳು. ಜಯತೀರ್ಥ ಸಂತೆಯ ದಿನ ಅವಳ ಮುಂದೆ ಒಂದು ಗಳಿಗೆ ನಿಲ್ಲದೆ ಹೋಗುತ್ತಿರಲಿಲ್ಲ.

ಫೈಲು ಬಹುಕಾಲ ಕೆಡಲಿಲ್ಲ. ಕಾರಣ ಸಿಕ್ಕಿತು, ಇನ್ನೆಂದೂ ಕೆಡುವುದಿಲ್ಲ ಎಂದು ಎಲ್ಲರೂ ಅಂದುಕೊಂಡರು. ಜಯತೀರ್ಥ ಮಾತ್ರ ಹಾಗೆ ಹೇಳಲಿಲ್ಲ.

ಒಂದು ಮಳೆಗಾಲದಲ್ಲಿ ಚಾವಣಿಯ ಅಂಚು ಸೋರಿ ವೈರಿನ ಕೊಂಡಿಗೆ ನೀರಿಳಿಯಿತು. ಔಷಧದ ಕಿಟಕಿಯಲ್ಲಿ ಪರದೆ ನಿಂತಿತು. ಸಾಲಿನಲ್ಲಿ ಜನರಿದ್ದರು. ವಾರಿಜಾ ಎದ್ದು ಓಣಿಯುದ್ದಕ್ಕೂ ಓಡುತ್ತ ಸರ್ವರಿನ ಕೋಣೆಗೆ ಬಂದಳು.

“ಸಾರ್, ಪರದೆ ನಿಂತಿದೆ. ಸ್ವಿಚ್ ಮುಟ್ಟಿಲ್ಲ.”

ಜಯತೀರ್ಥ ಯಾರೊಂದಿಗೋ ಫೋನಿನಲ್ಲಿ ಮಾತನಾಡುತ್ತಿದ್ದ. ಫೋನನ್ನು ಕೆಳಗಿಟ್ಟು ಎದ್ದ.

“ಒಳ್ಳೆಯದಾಯಿತು, ಬನ್ನಿ” ಎಂದ.

ಎಲ್ಲ ಕೋಣೆಯವರಿಗೂ ಫೈಲು ಮುಚ್ಚಲು ಹೇಳಿದರು. ವೈರನ್ನು ಒರೆಸಿ ಒಣಗಿಸಿದರು. ಸಂಪರ್ಕ ಬಂತು. ನಿಂತಿದ್ದ ಪರದೆ ಕದಲಿತು. ಅರ್ಧ ಬರೆದಿದ್ದ ಸಾಲು ತಾನಾಗಿ ಪೂರ್ತಿಯಾಯಿತು. ಆ ದಿನ ಆ ಆಸ್ಪತ್ರೆಯಲ್ಲಿ ಯಾರ ವಿವರವೂ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಪರ್ವತಯ್ಯ ತಲೆದೂಗಿದ. ಅವನ ಮುಖ ಹಗುರವಾಗಿತ್ತು. “ತಿಳಿಯಿತು, ಬುದ್ಧಿ. ನಮ್ಮ ಅಡುಗೆಯವರಲ್ಲಿಯೂ ಯಾರೋ ಏನನ್ನೋ ಮುಚ್ಚಿಡುತ್ತಿದ್ದಾರೆ. ಅವರು ಯಾರೆಂದು ಇವತ್ತೇ ಹಿಡಿಯುತ್ತೇನೆ” ಎಂದು ಎದ್ದ.

“ಪರ್ವತಯ್ಯ, ನೀನು ಅಡುಗೆಮನೆಯೊಳಗೆ ಕಾಲಿಟ್ಟಾಗ ಅಲ್ಲಿ ನಡೆಯುತ್ತಿದ್ದ ಮಾತು ಮುಂದುವರಿಯುತ್ತದೆಯೋ, ನಿಲ್ಲುತ್ತದೆಯೋ?” ಎಂದು ಗುರುಗಳು ಕೇಳಿದರು.

“ನಿಲ್ಲುತ್ತದೆ, ಬುದ್ಧಿ” ಎಂದು ಪರ್ವತಯ್ಯ ಮತ್ತೆ ಕುಳಿತ.